ಕಾಲುವೆಗೆ 1357, ನಮಗೆ 1358

ಕಣ್ಣಿನ ಆಪರೇಷನ್ನಿಗೆಂದು ಮುತ್ಯಾನನ್ನು ಕಲಬುರಗಿಗೆ ಕರೆದುಕೊಂಡು ಬಂದಿದ್ದೆ. ಕಮಲಾಪುರದಾಚೆಯ ನಮ್ಮೂರಿನಿಂದ ಬಸ್ಸಿನಲ್ಲಿ ಬಂದವನು ನಾಲ್ಕು ದಿನ ನನ್ನ ರೂಮಿನಲ್ಲೇ ಇದ್ದ. ರೂಮೆಂದರೆ ನಾಲ್ವರು ಹುಡುಗರು ಬಾಡಿಗೆ ಹಂಚಿಕೊಂಡ ಒಂದು ಖೋಲಿ. ಎಲ್ಲರೂ ಪರೀಕ್ಷೆಗೆ ಓದುವವರು. ಆಗಿನ್ನೂ ಇಂಗ್ಲಿಷರ ಕಾಲದ ಭಾರತೀಯ ದಂಡಸಂಹಿತೆಯೇ ನಡೆಯುತ್ತಿತ್ತು. ರಾತ್ರಿ ನಾನು ಕಲಂಗಳನ್ನು ಗಟ್ಟಿಯಾಗಿ ಓದಿ ಬಾಯಿಪಾಠ ಮಾಡುತ್ತಿದ್ದೆ. ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಮಲಗಿದ್ದ ಮುತ್ಯಾ ಕೇಳಿಸಿಕೊಳ್ಳುತ್ತಿದ್ದ.

“ದೀಪಸ್ತಂಭ ಅಂದ್ರ ಏನೋ ತಮ್ಮಾ? ಗುಡಿ ಮುಂದ ಇರ್ತದಲ್ಲ, ಅದೇನು?”

“ಅದಲ್ಲ ಮುತ್ಯಾ. ಸಮುದ್ರದ ದಂಡಿಗಿ ಎತ್ತರಕ ಕಟ್ಟಿರ್ತಾರ. ರಾತ್ರಿ ಹಡಗಿನವರಿಗಿ ದಾರಿ ಕಾಣ್ಲಿ ಅಂತ. ಅದನ್ನ ಕೆಡಿಸಿದ್ರ ಏಳು ವರ್ಷ ಜೈಲು.”

“ಕಾಲುವಿ ಒಡದ್ರ?”

“ಐದು ವರ್ಷ.”

ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ: “ಬಾವಿ ಮುಟ್ಟಬ್ಯಾಡ ಅಂದ್ರ ಎಷ್ಟು ವರ್ಷದ?”

ನಾನು ಪುಟ ತಿರುವಿದೆ. ಆ ಪುಸ್ತಕದಲ್ಲಿ ಅದಕ್ಕೆ ಕಲಂ ಇರಲಿಲ್ಲ. ಅದು ಬೇರೆ ಕಾಯ್ದೆಯಲ್ಲಿ ಅದ, 1955ರದು ಒಂದು, 1989ರದು ಒಂದು ಎಂದು ಹೇಳಿದೆ. “ಅಂದ್ರ ಹಡಗಿಂದು ಮೊದಲು ಬರದಾರ” ಎಂದು ಮಗ್ಗುಲಾದ.

ಕಲಬುರಗಿಗೆ ಸಮುದ್ರವಿಲ್ಲ. ನಮ್ಮ ಪಾಲಿಗಿರುವುದು ಭೀಮೆ, ಕಾಗಿಣಾ, ಬೆಣ್ಣೆತೊರೆ, ಬೇಸಿಗೆಯಲ್ಲಿ ಒಣಗುವ ಹಳ್ಳಗಳು. ಕಾಲುವೆ, ಹಡಗು, ದೀಪಸ್ತಂಭಗಳ ಕಾಯ್ದೆ ಹಿಡಿದು ನಮ್ಮ ಹುಡುಗನೊಬ್ಬ ಯಾಕೆ ತಲೆ ಕೆಡಿಸಿಕೊಳ್ಳಬೇಕು ಎಂದು ಗೆಳೆಯರು ಕೇಳಿದರು. ಮುತ್ಯಾನ ಮಾತು ಬಿಡಲಿಲ್ಲ, ಅದಕ್ಕೇ ಹುಡುಕಿಕೊಂಡು ಹೋದೆ. ಸಿಕ್ಕಿದ್ದನ್ನು ಇಲ್ಲಿ ಬರೆದಿದ್ದೇನೆ.

ಮೊದಲು ಆ ದಂಡಸಂಹಿತೆಯನ್ನೇ ನೋಡಿ. 1860ರಲ್ಲಿ ಆದ ಕಾಯ್ದೆ. ಅದರ ಕರಡನ್ನು ಮೆಕಾಲೆಯ ಆಯೋಗ 1837ರಲ್ಲೇ ಬರೆದಿಟ್ಟಿತ್ತು. ಅದು 2024ರ ಜೂನ್ ಕೊನೆಯವರೆಗೂ ಈ ದೇಶವನ್ನು ಆಳಿತು. ಬೇಸಾಯದ ನೀರು ಕಡಿಮೆಯಾಗುವ ಹಾಗೆ ಕಿಡಿಗೇಡಿತನ ಮಾಡಿದವನಿಗೆ 430ನೇ ಕಲಮಿನಲ್ಲಿ ಐದು ವರ್ಷದವರೆಗೆ ಸಜೆ. ದೀಪಸ್ತಂಭವನ್ನು ಕೆಡವಿದರೆ, ಸರಿಸಿದರೆ, ಕೆಲಸಕ್ಕೆ ಬಾರದಂತೆ ಮಾಡಿದರೆ 433ರಲ್ಲಿ ಏಳು ವರ್ಷದವರೆಗೆ. ಸುಳ್ಳು ದೀಪ ತೋರಿಸಿ ಹಡಗಿನವರ ದಾರಿ ತಪ್ಪಿಸಿದರೂ ಏಳು ವರ್ಷ. ಹಡಗನ್ನು ಅಡ್ಡಾದಿಡ್ಡಿ ನಡೆಸಿ ಜನರ ಜೀವಕ್ಕೆ ಅಪಾಯ ತಂದರೆ ಆರು ತಿಂಗಳು. ಸಾರ್ವಜನಿಕ ಬುಗ್ಗೆ, ಜಲಾಶಯದ ನೀರನ್ನು ಬೇಕೆಂದೇ ಹೊಲಸು ಮಾಡಿದರೆ 277ನೇ ಕಲಂ, ಮೂರು ತಿಂಗಳು. ಹೊಲಕ್ಕೆ ಹರಿಯುವ ನೀರಿಗೆ, ಹಡಗು ತೇಲುವ ನೀರಿಗೆ, ಕುಡಿಯುವ ನೀರಿಗೆ, ಎಲ್ಲಕ್ಕೂ ಕಾವಲಿತ್ತು. ಬಾಯಾರಿದ ಮನುಷ್ಯನನ್ನು ಅವನ ಜಾತಿ ಹಿಡಿದು ನೀರಿನಿಂದ ದೂರ ನಿಲ್ಲಿಸುವುದು ಅಪರಾಧ ಎಂದು ಹೆಸರಿಟ್ಟು ಹೇಳಿದ ಕಲಂ ಮಾತ್ರ ಅದರಲ್ಲಿ ಇರಲಿಲ್ಲ.

ಇಂಗ್ಲಿಷರಿಗೆ ತಿಳಿದಿರಲಿಲ್ಲವೆ? ಅವರ ಗೆಜೆಟಿಯರುಗಳನ್ನು ತೆಗೆಯಿರಿ. ಯಾವ ಜಾತಿ ಊರ ಹೊರಗಿದೆ, ಯಾರು ಯಾವ ಬಾವಿ ಮುಟ್ಟುವಂತಿಲ್ಲ ಎಂಬುದನ್ನು ಗಿಡ, ಹಕ್ಕಿಗಳ ಲೆಕ್ಕ ಬರೆದ ಹಾಗೆ ಬರೆದಿಟ್ಟಿದ್ದಾರೆ. ಗೊತ್ತಿತ್ತು. ಅದನ್ನು ‘ರೂಢಿ’ ಎಂದು ಕರೆದು ಬಿಟ್ಟುಬಿಟ್ಟರು.

ಅವರು ಕಾಲುವೆ ಕಾಯ್ದೆ ಬರೆದದ್ದು ಪುಣ್ಯಕ್ಕೇನಲ್ಲ. ನೀರು ಕೊಟ್ಟರೆ ಕರ ಬರುತ್ತದೆ, ದೋಣಿ ಹಾದರೆ ಸುಂಕ ಬರುತ್ತದೆ. 1864ರಲ್ಲಿ ಬಂಗಾಳಕ್ಕೊಂದು ಕಾಲುವೆ ಕಾಯ್ದೆ, ಅದರ ಕಣ್ಣೆಲ್ಲ ದೋಣಿಯ ಸುಂಕದ ಮೇಲೆ. 1868ರಲ್ಲಿ ಮುಂಬಯಿ ಪ್ರಾಂತಕ್ಕೆ ನದಿ ದಾಟಿಸುವ ದೋಣಿಗಳ ಕಾಯ್ದೆ. 1873ರಲ್ಲಿ ಉತ್ತರ ಭಾರತದ ಕಾಲುವೆ ಕಾಯ್ದೆ, 1879ರಲ್ಲಿ ಮುಂಬಯಿ ನೀರಾವರಿ ಕಾಯ್ದೆ, 1890ರಲ್ಲಿ ಮದರಾಸಿಗೆ ಕಾಲುವೆ ಮತ್ತು ಸಾರ್ವಜನಿಕ ದೋಣಿಗಳ ಕಾಯ್ದೆ. ಈಗಿನ ಬೆಳಗಾವಿ, ಧಾರವಾಡ, ವಿಜಯಪುರದ ಕಡೆ ನಡೆದದ್ದು 1879ರದು. ಘಟಪ್ರಭೆಗೆ ಧೂಪದಾಳದಲ್ಲಿ ಒಡ್ಡು ಕಟ್ಟಿ ಗೋಕಾಕ ಕಾಲುವೆಗೆ ನೀರು ಬಿಟ್ಟದ್ದು ಇದೇ ಕಾಲದಲ್ಲಿ.

1873ರ ಕಾಯ್ದೆಯ ಪೀಠಿಕೆ ಓದಬೇಕು. ತಾನಾಗಿ ಹರಿಯುವ ನದಿ, ಹಳ್ಳಗಳ ನೀರನ್ನೂ ತಾನಾಗಿ ನಿಂತ ಕೆರೆ, ಸರೋವರಗಳ ನೀರನ್ನೂ ಸಾರ್ವಜನಿಕ ಕೆಲಸಕ್ಕೆ ಬಳಸುವ, ಹತೋಟಿಯಲ್ಲಿಡುವ ಹಕ್ಕು ಸರಕಾರದ್ದು ಎಂದು ಅಲ್ಲಿ ಹೇಳಿಬಿಟ್ಟಿದ್ದಾರೆ. ಒಂದೇ ವಾಕ್ಯದಲ್ಲಿ ಒಂದು ಸೀಮೆಯ ನೀರೆಲ್ಲ ಸರಕಾರದ್ದಾಯಿತು. ಕಾಲುವೆಯ ದಂಡೆ ಕಡಿದವನಿಗೆ, ಸರದಿ ತಪ್ಪಿಸಿ ನೀರು ತಿರುಗಿಸಿದವನಿಗೆ, ನೀರನ್ನು ಹೊಲಸು ಮಾಡಿದವನಿಗೆ ಐವತ್ತು ರೂಪಾಯಿವರೆಗೆ ದಂಡ, ಇಲ್ಲವೆ ಒಂದು ತಿಂಗಳವರೆಗೆ ಸಜೆ, ಇಲ್ಲವೆ ಎರಡೂ. ಅರ್ಜಿ ಹಾಕುವವನು ಯಾರು, ಕರ ಕಟ್ಟುವವನು ಯಾರು, ಪಕ್ಕದ ಹೊಲದವನ ಮೇಲೆ ಕಾಲುವೆ ತರಬೇಕಾದರೆ ಏನು ಮಾಡಬೇಕು, ಎಲ್ಲ ಬರೆದಿದೆ. ಎಲ್ಲವೂ ಹೊಲ ಇದ್ದವನ ಮಾತು. ನೀರು ಹೊಲದ ಬೆನ್ನು ಹತ್ತಿ ಹೋಗುತ್ತದೆ. ಹೊಲವಿಲ್ಲದವನ ಹೆಸರು ಈ ಕಾಯ್ದೆಯಲ್ಲಿ ಎಲ್ಲಿ ಬರುತ್ತದೆ ಎಂದು ಹುಡುಕುತ್ತ ಹೋದೆ.

ಸಿಕ್ಕಿತು. ಕೂಲಿಯವರ ಭಾಗದಲ್ಲಿ.

ಕಾಲುವೆಗೆ ದೊಡ್ಡ ಅಪಾಯ ಬಂತು, ಬೇಕಾದಷ್ಟು ಆಳು ಎಂದಿನಂತೆ ಸಿಗುವುದಿಲ್ಲ ಎಂದಾಗ ಅಧಿಕಾರಿ ಕೂಲಿಕಾರರನ್ನು ಕಡ್ಡಾಯವಾಗಿ ಕರೆಸಬಹುದು ಎನ್ನುವ ಭಾಗ 1873ರದರಲ್ಲಿದೆ, 1879ರದರಲ್ಲೂ ಇದೆ. ಇವಕ್ಕಿಂತ ಹಳೆಯದು 1858ರ ಮದರಾಸು ಕಡ್ಡಾಯ ಕೂಲಿ ಕಾಯ್ದೆ. ಆಗ ಮದರಾಸು ಪ್ರಾಂತದಲ್ಲಿದ್ದ ನಮ್ಮ ಬಳ್ಳಾರಿಗೂ ಅದು ಅನ್ವಯ. ಕೆರೆ ಏರಿ, ನದಿ ಒಡ್ಡು ಒಡೆಯುವ ಹೊತ್ತಿಗೆ ಊರಿನ ಮುಖ್ಯಸ್ಥ ದುಡಿಯುವ ವರ್ಗದ ಗಟ್ಟಿಮುಟ್ಟಾದ ಗಂಡಸರನ್ನೆಲ್ಲ ಕೆಲಸಕ್ಕೆ ಕರೆಯಬೇಕು. ಊರೊಟ್ಟಿನ ಕೆಲಸಕ್ಕೆ ರೂಢಿಯಂತೆ ಬರಬೇಕಾದವನು ಬಾರದಿದ್ದರೆ ಆ ದುಡಿಮೆಯ ಬೆಲೆಯ ಎರಡು ಪಟ್ಟು ಕೊಡಬೇಕು. ಇದ್ದದ್ದನ್ನು ಇದ್ದಂತೆ ಹೇಳಬೇಕಲ್ಲ, ಅಪಾಯದ ಹೊತ್ತಿನ ಆ ದುಡಿಮೆಗೆ ಕೂಲಿ ಕೊಡಬೇಕೆಂದೂ ಕಾಯ್ದೆ ಹೇಳುತ್ತದೆ. ಆದರೆ ಊರಿನ ಮುಖ್ಯಸ್ಥ ‘ದುಡಿಯುವ ವರ್ಗ’ ಎಂದು ಯಾವ ಕೇರಿಯ ಕಡೆ ಕೈ ತೋರಿಸುತ್ತಾನೆ ಎಂಬುದನ್ನು ಓದುಗರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಒಂದು ಮಾತು ಗಮನಿಸಿ. ರೂಢಿ ಎಂಬ ಶಬ್ದ ಎರಡು ಕಡೆ ಬಂತು. ಬಿಟ್ಟಿ ದುಡಿಮೆಗೆ ಬಾರದಿದ್ದರೆ ಅದು ರೂಢಿ ಮುರಿದಂತೆ, ಕಾಯ್ದೆ ಬಂದು ದುಪ್ಪಟ್ಟು ಕೀಳುತ್ತದೆ. ಆ ಕೆರೆಯ ನೀರನ್ನು ಬೊಗಸೆಯಲ್ಲಿ ತೆಗೆದುಕೊಂಡರೂ ರೂಢಿ ಮುರಿದಂತೆ. ಆಗ ಕಾಯ್ದೆ ಬರುವುದಿಲ್ಲ, ಊರೇ ಬರುತ್ತದೆ ಬಡಿಗೆ ಹಿಡಿದು.

ಹಳೇ ಮೈಸೂರು ಸೀಮೆಯ ನೀರಗಂಟಿಯನ್ನು ನೆನೆಯಿರಿ. ಕೆರೆಯ ತೂಬು ಎತ್ತಿ ಯಾರ ಗದ್ದೆಗೆ ಎಷ್ಟು ನೀರು ಎಂದು ಹಂಚುವವನು ಅವನು. ಎಷ್ಟೋ ಊರುಗಳಲ್ಲಿ ಆ ಕೆಲಸ ಹೊಲೆಯರ ಮನೆತನದ್ದು. ಅವನು ಬಿಟ್ಟ ನೀರಿನಲ್ಲಿ ಬೆಳೆದ ಅಕ್ಕಿ ದೇವರ ನೈವೇದ್ಯಕ್ಕೆ ಆಗುತ್ತದೆ. ಅವನ ಕೈ ತಾಗಿದ ಕೊಡ ಆಗುವುದಿಲ್ಲ. ತೋಟಿ, ತಳವಾರ, ನೀರಗಂಟಿ ಎಂಬ ಈ ವಂಶಪಾರಂಪರ್ಯ ಚಾಕರಿಗಳನ್ನು ಕಾನೂನು ರದ್ದು ಮಾಡಿದ್ದು 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆಯಲ್ಲಿ.

ಕಾಲುವೆ ತೋಡಿದವರ ಮಾತೂ ಬರಬೇಕು. 1876ರಿಂದ 78ರವರೆಗಿನ ಬರದಲ್ಲಿ ಬಳ್ಳಾರಿ, ಧಾರವಾಡ, ಕಲಾದಗಿ, ನಮ್ಮ ನಿಜಾಮನ ಸೀಮೆ ಎಲ್ಲ ಸುಟ್ಟವು. ಬರದ ಕಾಮಗಾರಿಗೆ ಬಂದವರಿಗೆ ಕೂಲಿ ಹೆಚ್ಚಾಯಿತೆಂದು ರಿಚರ್ಡ್ ಟೆಂಪಲ್ ಎಂಬ ಅಧಿಕಾರಿ 1877ರಲ್ಲಿ ಕಡಿತ ಮಾಡಿಸಿದ. ದಿನಕ್ಕೆ ಒಂದು ಪೌಂಡು ಕಾಳು, ಅಂದರೆ ಅರ್ಧ ಕಿಲೋಗಿಂತ ಕಡಿಮೆ, ಅದರ ಮೇಲೆ ಒಂದಿಷ್ಟು ಪುಡಿಗಾಸು. ಮದರಾಸಿನಲ್ಲಿ ಅಡಯಾರು, ಕೂವಂ ನದಿಗಳನ್ನು ಜೋಡಿಸುವ ದೋಣಿ ಕಾಲುವೆಯ ತುಂಡನ್ನು ಬರಗಾಲದ ಕೂಲಿಗಳಿಂದ ತೋಡಿಸಿದ್ದು ಆಗಲೇ. ಆ ಕಾಲುವೆಗೆ ಗವರ್ನರನಾಗಿದ್ದ ಬಕಿಂಗ್‌ಹ್ಯಾಮನ ಹೆಸರು. ಅದಕ್ಕೂ ಮುಂಚೆ ಲಂಡನ್ನಿನ ಕಂಪನಿಯೊಂದು ತುಂಗಭದ್ರೆಗೆ ಕೈ ಹಾಕಿತ್ತು. ನಿಜಾಮನ ಸೀಮೆಯ ಎದುರು ದಡದ ಸುಂಕೇಸುಲದಲ್ಲಿ ಒಡ್ಡು ಕಟ್ಟಿ ಕರ್ನೂಲು–ಕಡಪ ಕಾಲುವೆ ತೆಗೆದರು. ಬೇಸಾಯಕ್ಕೂ ಆಗಬೇಕು, ದೋಣಿಗೂ ಆಗಬೇಕು ಎಂಬ ಲೆಕ್ಕ. ಹಣ ಹಾಕಿದವರಿಗೆ ನೂರಕ್ಕೆ ಐದರಂತೆ ಬಡ್ಡಿಯ ಖಾತ್ರಿ, ಅದೂ ನಮ್ಮ ದೇಶದ ಬೊಕ್ಕಸದಿಂದ. ಲಾಭ ಬರಲಿಲ್ಲ. 1882ರಲ್ಲಿ ಸರಕಾರವೇ ಕೊಂಡುಕೊಂಡಿತು. ಲಂಡನ್ನಿನ ಸಾಹುಕಾರನ ಬಡ್ಡಿ ಕಾಯ್ದೆಯ ಕಾಗದದಲ್ಲಿ ಭದ್ರವಾಗಿತ್ತು.

ಇದೆಲ್ಲ ಇಂಗ್ಲಿಷರ ಸೀಮೆಯ ಮಾತು. ಕಲಬುರಗಿ ಆಗ ಹೈದರಾಬಾದಿನ ನಿಜಾಮನದು. 1871ರಲ್ಲಿ ಮುಂಬಯಿಯಿಂದ ಬಂದ ರೈಲು ಹಳಿ ಕಲಬುರಗಿಯನ್ನು ಹಾದು ರಾಯಚೂರಿನಲ್ಲಿ ಮದರಾಸಿನ ಹಳಿಗೆ ಕೂಡಿಕೊಂಡಿತು. ಆ ಹಳಿಯಿಂದ ಇಳಿದು ಎರಡು ಹೆಜ್ಜೆ ನಡೆದರೆ ನಿಜಾಮನ ಕಾನೂನು, ಉರ್ದು ಕಚೇರಿ, ಫಸಲಿ ವರ್ಷ. ಇಂದಿಗೂ ನಮ್ಮ ಕಡೆಯ ಹಿರಿಯರ ಬಾಯಲ್ಲಿ ಭೂಮಿಗೆ ಖುಷ್ಕಿ, ತರಿ, ಬಾಗಾಯತ್ ಎಂಬ ಹೆಸರುಗಳಿವೆ. ಒಣಬೇಸಾಯದ್ದು ಖುಷ್ಕಿ, ನೀರಿನದು ತರಿ, ತೋಟದ್ದು ಬಾಗಾಯತ್. ನಮ್ಮ ಜಿಲ್ಲೆಯೆಂದರೆ ಖುಷ್ಕಿ. ನಿಜಾಮ ಕಟ್ಟಿಸಿದ ದೊಡ್ಡ ಕೆರೆ-ಕಟ್ಟೆಗಳು, 1920ರ ಉಸ್ಮಾನ್ ಸಾಗರ, 1927ರ ಹಿಮಾಯತ್ ಸಾಗರ, 1931ರ ನಿಜಾಮಸಾಗರ, ಎಲ್ಲ ತೆಲಂಗಾಣದ ಕಡೆ. ಕಲಬುರಗಿಗೆ ಉಳಿದದ್ದು ಜೋಳ, ತೊಗರಿ, ಮುಗಿಲು.

ಬಾವಿಯ ಮಾತನ್ನು ಮುತ್ಯಾನೇ ಹೇಳಲಿ. ಪೊಲೀಸ್ ಕಾರ್ಯಾಚರಣೆಯ ಹೊತ್ತಿಗೆ ಅವನು ಏಳೆಂಟು ವರ್ಷದ ಹುಡುಗ. “ಊರ ಬಾವಿಗಿ ನಮ್ಮವರು ಇಳೀತಿರ್ಲಿಲ್ಲ. ನಮ್ಮವ್ವ ಕೊಡ ಇಟ್ಟು ದೂರ ಕೂಡ್ತಿದ್ಳು. ಯಾರಿಗರ ಮನಸು ಬಂದ್ರ ಎತ್ತಿ ಹೊಯ್ತಿದ್ರು. ಇಲ್ಲಂದ್ರ ಹಳ್ಳದಾಗ ವರ್ತಿ ತೋಡೋದು. ಬ್ಯಾಸಗಿದಾಗ ಒಂದು ಕೊಡಕ ಅರ್ಧ ದಿನ.” ಭೀಮೆ ದಾಟುವ ಹರಗೋಲಿನ ಮಾತೂ ಹೇಳಿದ. “ಎಲ್ಲಾರೂ ಕುಂತ ಮ್ಯಾಲ ಜಾಗ ಇದ್ರ ನಮಗ. ರೊಕ್ಕ ಮಾತ್ರ ಎಲ್ಲರಷ್ಟೇ.” ದೋಣಿಯ ಸುಂಕಕ್ಕೆ ದರಪಟ್ಟಿ ಬರೆದವರು ದೋಣಿಯಲ್ಲಿ ಯಾರು ಮೊದಲು ಕೂಡಬೇಕೆಂದು ಬರೆಯಲಿಲ್ಲ. ಅದನ್ನು ಊರು ಬರೆದಿತ್ತು.

ಈಗ ಎರಡು ಫಸಲಿ ವರ್ಷಗಳ ಮಾತು.

ಹೈದರಾಬಾದ್ ನೀರಾವರಿ ಕಾಯ್ದೆ 1357 ಫಸಲಿಯದು. ಹೈದರಾಬಾದಿನ ಫಸಲಿ ವರ್ಷ ಅಕ್ಟೋಬರಿನಲ್ಲಿ ಶುರುವಾಗುತ್ತಿತ್ತು. 1357 ಎಂದರೆ 1947ರ ಅಕ್ಟೋಬರಿನಿಂದ 1948ರ ಅಕ್ಟೋಬರಿನವರೆಗೆ. ದೆಹಲಿಯಲ್ಲಿ ಸ್ವಾತಂತ್ರ್ಯದ ಬಾವುಟ ಹಾರಿಯಾಗಿತ್ತು, ನಮ್ಮಲ್ಲಿ ಇನ್ನೂ ಆಸಫ್‌ಜಾಹಿ ಬಾವುಟ. ಹಳ್ಳಿಗಳಲ್ಲಿ ರಜಾಕಾರರ ಹಾವಳಿ. 1948ರ ಸೆಪ್ಟೆಂಬರ್ 13ಕ್ಕೆ ಭಾರತದ ಸೈನ್ಯ ಒಳಬಂತು, 17ಕ್ಕೆ ನಿಜಾಮ ಶರಣಾದ. ಅಂಥ ವರ್ಷದ ಹೆಸರು ಹೊತ್ತು ಕಾಲುವೆಗೊಂದು ಕಾಯ್ದೆ ಉಳಿಯಿತು.

ಮರುವರ್ಷ, 1358 ಫಸಲಿ. ಮಿಲಿಟರಿ ಗವರ್ನರನ ಆಡಳಿತ. ಆ ವರ್ಷ ಜಾಗೀರುಗಳ ರದ್ದತಿಯ ಕಾನೂನು ಬಂತು. ಅದೇ ವರ್ಷ ಇನ್ನೊಂದು ಬಂತು, ಇದರ ಮಾತನ್ನು ನಮ್ಮ ಪಠ್ಯಪುಸ್ತಕದಲ್ಲಿ ನಾನು ಓದಿರಲಿಲ್ಲ: ಹೈದರಾಬಾದ್ ಹರಿಜನ ಸಾಮಾಜಿಕ ಅನರ್ಹತೆಗಳ ನಿವಾರಣಾ ನಿಬಂಧನೆ. ಮದರಾಸು ಇಂಥದೊಂದನ್ನು 1938ರಲ್ಲಿ ಮಾಡಿತ್ತು, ಮೈಸೂರು 1943ರಲ್ಲಿ. ಕಲಬುರಗಿಯ ಹೊಲಗೇರಿಗೆ ಅದು 1358ರಲ್ಲಿ ಬಂತು. ಕಾಲುವೆಗೆ ಕಾಯ್ದೆಯಾಗಿ ಒಂದು ವರ್ಷದ ಮೇಲೆ, ನಿಜಾಮ ಬಿದ್ದ ಮೇಲೆ. ಮುತ್ಯಾನಿಗೆ ಇದನ್ನು ಹೇಳಿದೆ. “ಬಂದಿರಬೇಕು. ನಮ್ಮ ಊರಿಗಿ ಯಾರೂ ಡಂಗುರ ಹೊಡಿಲಿಲ್ಲ” ಎಂದ. ಡಂಗುರ ಹೊಡೆಯುವವರು ನಮ್ಮವರೇ ಅಲ್ಲವೆ, ಹೊಡೆದಿದ್ದರೆ ಅವನಿಗೆ ಗೊತ್ತಿರುತ್ತಿತ್ತು.

ಇಲ್ಲಿಂದ ಇಪ್ಪತ್ತು ವರ್ಷ ಹಿಂದಕ್ಕೆ, ಮುಂಬಯಿ ಪ್ರಾಂತಕ್ಕೆ ಹೋಗಬೇಕು. ರೂಢಿ ಎಂಬುದನ್ನು ಮೊದಲು ನೀರಿನ ದಂಡೆಯಲ್ಲಿ, ಆಮೇಲೆ ಕೋರ್ಟಿನ ಕಟಕಟೆಯಲ್ಲಿ ನಿಲ್ಲಿಸಿದ್ದು ಅಲ್ಲಿ.

1923ರಲ್ಲಿ ಎಸ್. ಕೆ. ಬೋಲೆಯವರು ಮುಂಬಯಿ ಶಾಸನಸಭೆಯಲ್ಲಿ ಒಂದು ಠರಾವು ತಂದರು. ಸರಕಾರದ ಹಣದಿಂದ ನಡೆಯುವ ಕೆರೆ, ಬಾವಿ, ಶಾಲೆಗಳು ಅಸ್ಪೃಶ್ಯರಿಗೂ ತೆರೆದಿರಬೇಕು ಎಂದು. ಮಹಾಡದ ಪುರಸಭೆ ಚವದಾರ ಕೆರೆಯನ್ನು ಎಲ್ಲರಿಗೂ ತೆರೆಯಿತು, ಕಾಗದದ ಮೇಲೆ. 1927ರ ಮಾರ್ಚ್ 20ರಂದು ಅಂಬೇಡ್ಕರ್ ಸಾವಿರಾರು ಜನರ ಮೆರವಣಿಗೆಯಲ್ಲಿ ಹೋಗಿ ಆ ಕೆರೆಯ ನೀರು ಕುಡಿದರು. ಅದೇ ದಿನ ಏಟು ಬಿದ್ದವು. ಆಮೇಲೆ ಮೇಲ್ಜಾತಿಯವರು ಸಗಣಿ, ಗಂಜಲ, ಹಾಲು, ಮೊಸರು ಕಲಸಿದ ನೂರೆಂಟು ಕೊಡಗಳನ್ನು ಸುರಿದು ಕೆರೆಯನ್ನು ‘ಶುದ್ಧ’ ಮಾಡಿದರು. ದಂಡಸಂಹಿತೆಯ 277ನೇ ಕಲಮನ್ನು ಮೇಲೆ ಹೇಳಿದೆ, ಸಾರ್ವಜನಿಕ ಜಲಾಶಯದ ನೀರನ್ನು ಹೊಲಸು ಮಾಡಿದರೆ ಮೂರು ತಿಂಗಳು ಎಂದು. ಆ ಕಲಮನ್ನು ಈ ನೂರೆಂಟು ಕೊಡಗಳ ಪಕ್ಕ ಇಟ್ಟು ಇನ್ನೊಮ್ಮೆ ಓದಿ.

ಅದೇ 1927ರ ಸೆಪ್ಟೆಂಬರ್ 21ಕ್ಕೆ ದೀಪಸ್ತಂಭ ಕಾಯ್ದೆ ಬಂತು. ಅಷ್ಟು ಹೊತ್ತಿಗೆ ನಮ್ಮ ಕರಾವಳಿಯಲ್ಲಿ ದೀಪಗಳು ಹಳೆಯವಾಗಿದ್ದವು. ಕಾರವಾರದೆದುರಿನ ನಡುಗಡ್ಡೆಯ ದೀಪ 1864ರದು. ಅಮೆರಿಕದಲ್ಲಿ ಯುದ್ಧ ನಡೆದು ಮ್ಯಾಂಚೆಸ್ಟರಿನ ಗಿರಣಿಗಳಿಗೆ ಹತ್ತಿ ಸಾಲದೆ ಧಾರವಾಡದ ಹತ್ತಿಗಾಗಿ ಕಾರವಾರ ಬಂದರು ಎದ್ದ ಕಾಲ ಅದು. ಕಾಪುವಿನ ದೀಪಸ್ತಂಭ 1901ರದು. 1927ರ ಕಾಯ್ದೆ ಇವೆಲ್ಲದರ ಆಡಳಿತವನ್ನು ಕೇಂದ್ರದ ಕೈಗೆ ತಂದು, ಬಂದರಿಗೆ ಬರುವ ಹಡಗಿನ ತೂಕ ನೋಡಿ ಬೆಳಕಿನ ಸುಂಕ ಕಟ್ಟಿಸಿತು. ಅದರಲ್ಲಿ ತಪ್ಪೇನಿದೆ ಎನ್ನಬಹುದು. ಹಡಗು ಮುಳುಗಬಾರದು, ಒಪ್ಪಿದೆ. ಆದರೆ ಲೆಕ್ಕ ನೋಡಿ: ಕತ್ತಲಲ್ಲಿ ಬರುವ ಪರದೇಶದ ಹಡಗಿಗೆ ಬೆಳಕು ಕೊಡುವ ಕಾಯ್ದೆ ಸೆಪ್ಟೆಂಬರಿನಲ್ಲಿ. ಮಹಾಡದ ಅಸ್ಪೃಶ್ಯರು ಕೆರೆಯ ಹತ್ತಿರ ಹೋಗಬಾರದೆಂದು ಕೋರ್ಟಿನ ತಾತ್ಕಾಲಿಕ ತಡೆಯಾಜ್ಞೆ ಡಿಸೆಂಬರಿನಲ್ಲಿ. ಡಿಸೆಂಬರ್ 25ಕ್ಕೆ ಅಲ್ಲೇ ಮನುಸ್ಮೃತಿಗೆ ಬೆಂಕಿ ಬಿತ್ತು.

ಕೆರೆ ತಮ್ಮ ಖಾಸಗಿ ಸ್ವತ್ತು, ಅಸ್ಪೃಶ್ಯರನ್ನು ದೂರ ಇಡುವುದು ಅನಾದಿ ಕಾಲದ ರೂಢಿ ಎಂದು ಮೇಲ್ಜಾತಿಯವರು ದಾವೆ ಹೂಡಿದ್ದರು. ಹತ್ತು ವರ್ಷ ನಡೆಯಿತು. 1937ರ ಮಾರ್ಚ್ 17ರಂದು ಮುಂಬಯಿ ಹೈಕೋರ್ಟು ತೀರ್ಪು ಕೊಟ್ಟಿತು: ಅನಾದಿಯಿಂದ ಬಂದ ರೂಢಿ ಎಂಬುದನ್ನು ಇವರು ರುಜುವಾತು ಮಾಡಿಲ್ಲ. ಗೆದ್ದೆವು. ಆದರೆ ಒಂದು ಮಾತು ಹೇಳಲೇಬೇಕು. ಇಂಥ ರೂಢಿ ಅಮಾನುಷ, ಅದಕ್ಕೆ ಬೆಲೆಯಿಲ್ಲ ಎಂದು ತೀರ್ಪು ನಿಲ್ಲಲಿಲ್ಲ, ರೂಢಿಗೆ ಸಾಕ್ಷಿ ಸಾಲದು ಎಂದು ನಿಂತಿತು. ಸಾಕ್ಷಿ ಇದ್ದಿದ್ದರೆ? ಈ ಪ್ರಶ್ನೆ ಹಾಕಿಕೊಂಡ ದಿನ ನನಗೆ ನಿದ್ದೆ ಬರಲಿಲ್ಲ. ಎಲ್ಲ ಊರುಗಳಲ್ಲೂ ಅವರಿಗೆ ಸಾಕ್ಷಿಗಳಿದ್ದರು. ನಮ್ಮ ಮುತ್ಯಾನ ಅವ್ವ ಕೊಡ ಇಟ್ಟು ದೂರ ಕೂಡುತ್ತಿದ್ದಳಲ್ಲ, ಅದೂ ಅವರ ಸಾಕ್ಷಿಯೇ ಆಗುತ್ತಿತ್ತು.

ಕೆರೆಯ ನೀರು ಮುಟ್ಟಿದ್ದಕ್ಕೆ ಪ್ರತಿವಾದಿಯಾಗಿ ನಿಂತ ಈ ಮನುಷ್ಯ 1942ರಿಂದ 46ರವರೆಗೆ ವೈಸರಾಯ್ ಮಂಡಳಿಯಲ್ಲಿ ಕಾರ್ಮಿಕ ಸದಸ್ಯ. ನೀರಾವರಿಯೂ ಅವರ ಖಾತೆಯಲ್ಲೇ ಇತ್ತು. ದಾಮೋದರ ಕಣಿವೆಯ ಯೋಜನೆಗೆ 1945ರ ಜನವರಿಯಲ್ಲಿ ಕಲಕತ್ತೆಯಲ್ಲಿ ಸಭೆ ನಡೆಸಿದರು. ಅದೇ ವರ್ಷ ಕೇಂದ್ರ ಜಲಮಾರ್ಗ, ನೀರಾವರಿ ಮತ್ತು ನೌಕಾಯಾನ ಆಯೋಗ ಹುಟ್ಟಿತು, ಇವತ್ತಿನ ಕೇಂದ್ರ ಜಲ ಆಯೋಗದ ಮೂಲ ಅದು. ಅಣೆಕಟ್ಟುಗಳ ಚರಿತ್ರೆ ಬರೆದವರು ಹಲವರು ಇಂಜಿನಿಯರುಗಳ ಹೆಸರು ಹೇಳಿ ಇವರ ಹೆಸರು ಬಿಡುತ್ತಾರೆ. ಮರೆವು ಎಂದುಕೊಳ್ಳಬೇಕೆ?

ಸಂವಿಧಾನದ 15ನೇ ವಿಧಿ ಬಾವಿ, ಕೆರೆ, ಸ್ನಾನಘಟ್ಟ ಎಂದು ಹೆಸರಿಟ್ಟು ಹೇಳಿತು. 17ನೇ ವಿಧಿ ಅಸ್ಪೃಶ್ಯತೆಯನ್ನೇ ತೆಗೆಯಿತು. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ ನದಿ, ಹಳ್ಳ, ಬುಗ್ಗೆ, ಬಾವಿ, ಕೆರೆ, ನಲ್ಲಿ ಎಂದು ಇನ್ನೂ ಬಿಡಿಸಿ ಬರೆಯಿತು, ನಮ್ಮ 1358 ಫಸಲಿಯ ನಿಬಂಧನೆ ಅದರಲ್ಲಿ ಕರಗಿತು. 1357ರ ನೀರಾವರಿ ಕಾಯ್ದೆ ಮಾತ್ರ ಹಾಗೇ ನಡೆಯಿತು. ನಿಜಾಮ ಹೋದ, ಫಸಲಿ ಪಂಚಾಂಗ ಹೋಯಿತು, 1956ರಲ್ಲಿ ಕಲಬುರಗಿ ಮೈಸೂರು ರಾಜ್ಯಕ್ಕೆ ಬಂತು, ಆದರೂ ಕಾಲುವೆಗೆ ಅದೇ ಕಾಯ್ದೆ. ಅದು ಹೋದದ್ದು 1965ರ ನೀರಾವರಿ ಕಾಯ್ದೆ ಬಂದ ಮೇಲೆ. ಹೊಸದರಲ್ಲೂ ನೀರು ಹೊಲದ ಬೆನ್ನಿಗೇ ಹೋಗುತ್ತದೆ.

1968ರಲ್ಲಿ ಬಿ. ಶ್ಯಾಮಸುಂದರ್ ಕಲಬುರಗಿಯಲ್ಲೇ ಭೀಮಸೇನೆ ಕಟ್ಟಿದರು. ದಲಿತರಿಗೆ ಬೇರೆ ಊರುಗಳೇ ಬೇಕು ಎಂದು ಕೇಳಿದರು. ಆಗ ಅದು ಅತಿ ಎನಿಸಿದವರಿದ್ದರು. ಊರ ಬಾವಿಯ ದಂಡೆಯಲ್ಲಿ ಕೊಡ ಹಿಡಿದು ಕೂತವರ ಮಕ್ಕಳಿಗೆ ಅದು ಅತಿ ಎನಿಸಿರಲಿಕ್ಕಿಲ್ಲ.

ಕೊನೆಗೆ ಒಂದು ಶಬ್ದದ ಮಾತು. 1989ರ ದೌರ್ಜನ್ಯ ತಡೆ ಕಾಯ್ದೆಯಲ್ಲಿ ನಮ್ಮ ಭೂಮಿ, ನೀರಿನ ಹಕ್ಕಿಗೆ ಅಡ್ಡಿ ಮಾಡುವುದು ಅಪರಾಧ ಎಂದಿತ್ತು. 2015ರಲ್ಲಿ ತಿದ್ದುಪಡಿಯಾಗಿ 2016ರ ಜನವರಿ 26ರಿಂದ ಜಾರಿಗೆ ಬಂದಾಗ ‘ನೀರು’ ಎಂಬುದರ ಪಕ್ಕ ‘ನೀರಾವರಿ ಸೌಲಭ್ಯ’ ಎಂಬ ಮಾತು ಸೇರಿತು. 1858ರ ಕೂಲಿ ಕಾಯ್ದೆಯಿಂದ ಲೆಕ್ಕ ಹಿಡಿದರೆ 158 ವರ್ಷ. ನಾನು ಓದಿದ ಕಾಯ್ದೆಗಳಲ್ಲಿ ನೀರಾವರಿಯೂ ನಾವೂ ಒಂದೇ ವಾಕ್ಯದಲ್ಲಿ, ನಾವು ಕೂಲಿಗಳಾಗಿ ಅಲ್ಲದೆ, ಬಂದದ್ದು ಅಲ್ಲೇ ಮೊದಲು. ದೀಪಸ್ತಂಭದ ಕಾಯ್ದೆಯನ್ನು 2021ರಲ್ಲಿ ತೆಗೆದು ಹೊಸದು ಮಾಡಿದರು. ಉಪಗ್ರಹದಿಂದ ದಾರಿ ನೋಡುವ ಹಡಗುಗಳಿಗೆ ಹಳೆಯದು ಸಾಲದಾಗಿತ್ತಂತೆ.

ಹಕ್ಕಿಗೆ ಅಡ್ಡಿ ಮಾಡಿದರೆ ಕಲಂ ಇದೆ ಸರಿ. ಹಕ್ಕು ಹುಟ್ಟಬೇಕಾದರೆ ಹೊಲ ಬೇಕು. ಕಮಲಾಪುರ ಈಗ ತಾಲೂಕು. ಬೆಳಕೋಟಾದ ಹತ್ತಿರ ಗಂಡೋರಿ ನಾಲಾಕ್ಕೆ ಅಣೆಕಟ್ಟಿದೆ, ಕಾಲುವೆ ಇದೆ. ಕಮಲಾಪುರದ ಕೆಂಪು ಬಾಳೆಗೆ ಭೌಗೋಳಿಕ ಗುರುತಿನ ಪಟ್ಟ ಸಿಕ್ಕಿದೆ. ನೀರು, ಗೊಬ್ಬರ ಎರಡೂ ಹೆಚ್ಚು ಬೇಡುವ ಬೆಳೆ. ಬೆಲೆಯೂ ಹೆಚ್ಚು, ಅದಕ್ಕೇ ಸಾಹುಕಾರರ ಬಾಳೆ ಎಂಬ ಹೆಸರೂ ಇದೆ. ನಮಗೆ ಹೊಲವಿಲ್ಲ. ಅಪ್ಪ ಒಬ್ಬರ ತೋಟದಲ್ಲಿ ನೀರು ಹಾಯಿಸುವ ಕೂಲಿಗೆ ಹೋಗುತ್ತಾನೆ. ಕರೆಂಟು ರಾತ್ರಿ ಬರುತ್ತದೆ, ಹಾಗಾಗಿ ಕೆಲಸವೂ ರಾತ್ರಿ. ಬ್ಯಾಟರಿ ಹಿಡಿದು, ಸಲಿಕೆ ಹೆಗಲಿಗಿಟ್ಟು ಒಂದು ಮಡಿಯಿಂದ ಇನ್ನೊಂದು ಮಡಿಗೆ ನೀರು ತಿರುಗಿಸುತ್ತಾನೆ.

ಕಣ್ಣಿನ ಪಟ್ಟಿ ಬಿಚ್ಚಿದ ಮೇಲೆ ಮುತ್ಯಾನನ್ನು ಊರಿಗೆ ಬಿಡಲು ಹೋದೆ. ನಸುಕಿನಲ್ಲಿ ಅಪ್ಪ ತೋಟದಿಂದ ಬಂದ. ಮೊಣಕಾಲಿನವರೆಗೆ ಕೆಸರು. ಮುತ್ಯಾ ಹೊಸ ಕಣ್ಣಿನಿಂದ ಅವನ ಕಾಲನ್ನೇ ನೋಡುತ್ತ, “ಆ ತ್ವಾಟದ ಬಾವಿ ನೀರು ಕುಡೀಲಿಕ್ಕ ಬಿಡ್ತಾರೇನೋ?” ಎಂದು ಕೇಳಿದ. “ಈಗ ಹಂಗೇನಿಲ್ಲಪಾ” ಎಂದ ಅಪ್ಪ. ಮೂಲೆಯಲ್ಲಿ ಅವನು ರಾತ್ರಿ ಮನೆಯಿಂದ ಒಯ್ದಿದ್ದ ಪ್ಲಾಸ್ಟಿಕ್ ಬಾಟಲಿ ಇತ್ತು. ಅವ್ವ ಅದನ್ನು ತೊಳೆದು, ಮತ್ತೆ ತುಂಬಿ, ಬಾಗಿಲ ಹತ್ತಿರ ಇಟ್ಟಳು.